ಜನ್ಮವೂ ನ್ಯಾಯವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಭದ್ರಾನದಿಯ ತೀರದ ಈ ಪುಣ್ಯಕ್ಷೇತ್ರದಲ್ಲಿ ಇಂದು ನಡೆಯುತ್ತಿರುವ ಉತ್ಸವದ ವೈಭವವನ್ನು ಬಣ್ಣಿಸುವ ಸಾಮರ್ಥ್ಯವುಳ್ಳವರು ಈ ಸಭೆಯಲ್ಲಿ ಬಹುಮಂದಿ ಇರುವರು. ಆ ಕಾರ್ಯವನ್ನು ಅವರಿಗೆ ಬಿಟ್ಟು, ನಾನು ಒಂದು ವಿಚಾರವನ್ನು ಮಾತ್ರ ತಮ್ಮ ಮುಂದಿಡಲು ಅಪ್ಪಣೆ ಬೇಡುವೆನು. ‘ಮಾನವಧರ್ಮಕ್ಕೆ ಜಯವಾಗಲಿ’ ಎಂಬುದು ಈ ಪೀಠದ ಘೋಷ. ಲಿಂಗೈಕ್ಯ ಶ್ರೀ ವೀರಗಂಗಾಧರ ಜಗದ್ಗುರುಗಳು ಅನುಗ್ರಹಿಸಿದ ಈ ವಾಕ್ಯವನ್ನು ನಾವೆಲ್ಲರೂ ಬಾಯ್ತುಂಬ ಉಚ್ಚರಿಸುತ್ತೇವೆ. ಆದರೆ ಮಾನವನೆಂಬ ಮಾತಿನೊಳಗೆ ಯಾರುಯಾರು ಸೇರುವರೆಂದು ನಾವು ಎಂದಾದರೂ ಎಣಿಸಿ ನೋಡಿದ್ದೇವೆಯೆ? ತೊಟ್ಟಿಲೊಳಗಿನ ಶಿಶುವನ್ನು ಕಳ್ಳನೆಂದು ರಾಜಶಾಸನವೇ ಬರೆದಿಟ್ಟ ಕಾಲವೊಂದು ನಮ್ಮ ಕನ್ನಡ ನಾಡಿನಲ್ಲಿಯೇ ಇದ್ದಿತು. ಆ ಶಾಸನವು ಅಳಿದು ಎಪ್ಪತ್ತು ವರ್ಷಗಳಿಗೂ ಮಿಕ್ಕಿದುವು. ಅದರ ನೆರಳು ಮಾತ್ರ ಇನ್ನೂ ಅಳಿದಿಲ್ಲ. ಅದನ್ನು ಕುರಿತು ನಾಲ್ಕು ಮಾತು ಹೇಳುವೆನು.

ಮಹನೀಯರೇ, ಒಂದು ಜನಾಂಗವು ಹುಟ್ಟಿನಿಂದಲೇ ಉತ್ತಮ, ಇನ್ನೊಂದು ಹುಟ್ಟಿನಿಂದಲೇ ಅಧಮ ಎಂಬ ಮತವು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಶಾಸ್ತ್ರದ ವೇಷವನ್ನು ತೊಟ್ಟು ಬಂದಿತು. ೧೮೭೬ರಲ್ಲಿ ಇಟಲಿಯ ಲೊಂಬ್ರೋಸೊ ಎಂಬ ವೈದ್ಯನು, ಅಪರಾಧಿಯು ಹುಟ್ಟುವಾಗಲೇ ಅಪರಾಧಿಯಾಗಿರುವನು, ತಲೆಬುರುಡೆಯ ಆಕಾರವನ್ನೂ ದವಡೆಯ ರಚನೆಯನ್ನೂ ನೋಡಿ ಅವನನ್ನು ಗುರುತಿಸಬಹುದು ಎಂದು ಸಾರಿದನು. ನಮ್ಮ ದೇಶಕ್ಕೂ ಈ ಅಳತೆಯ ಕೋಲು ಬಂದಿತು. ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲಿಯು ಮೂಗಿನ ಅಗಲ ಉದ್ದಗಳನ್ನು ಅಳೆದು ಜಾತಿಗಳ ತಾರತಮ್ಯವನ್ನು ನಿರ್ಣಯಿಸಹೊರಟನು. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ನನು ದಕ್ಷಿಣ ದೇಶದ ಜನರ ತಲೆ, ಮೂಗು, ಮೈಗಳನ್ನು ಅಳೆದು ೧೯೦೯ರಲ್ಲಿ ಏಳು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಇಂದಿನ ವಿಜ್ಞಾನವು ಈ ಮತವನ್ನು ಬುಡಸಹಿತ ಕಿತ್ತೊಗೆದಿದೆ. ೧೯೭೨ರಲ್ಲಿ ಲೆವೊಂಟಿನ್ ಎಂಬ ಅಮೆರಿಕದ ವಿದ್ವಾಂಸನು ತೋರಿಸಿದಂತೆ, ಮನುಷ್ಯರೊಳಗೆ ವಂಶವಾಹಿಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ೮೫ ಪಾಲು ಒಂದೊಂದು ಜನಸಮುದಾಯದ ಒಳಗೇ ಇರುವುದು. ಜನಾಂಗ ಜನಾಂಗಗಳ ನಡುವೆ ಇರುವ ಭೇದವು ಅತ್ಯಲ್ಪ. ಶಾಸ್ತ್ರವು ತನ್ನ ತಪ್ಪನ್ನು ತಿದ್ದಿಕೊಂಡಿತು. ಆದರೆ ಆ ತಪ್ಪಿನ ಮೇಲೆ ಕಟ್ಟಿದ ಕಾಯಿದೆಗಳ ಗತಿಯೇನಾಯಿತು?

೧೮೭೧ನೆಯ ಇಸವಿಯಲ್ಲಿ, ಲೊಂಬ್ರೋಸೊವಿನ ಗ್ರಂಥವು ಹೊರಬರುವುದಕ್ಕೆ ಐದು ವರ್ಷ ಮುಂಚೆಯೇ, ಹಿಂದುಸ್ಥಾನದ ಆಂಗ್ಲ ಸರಕಾರದವರು ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂಬುದೊಂದನ್ನು ಮಾಡಿದರು. ಈ ದೇಶದಲ್ಲಿ ಬಡಗಿಯ ಮಗನು ಬಡಗಿಯಾಗುವನು, ನೇಕಾರನ ಮಗನು ನೇಕಾರನಾಗುವನು. ಅಂತೆಯೇ ಕಳ್ಳತನವನ್ನೇ ಕುಲವೃತ್ತಿಯಾಗಿ ಉಳ್ಳ ಜಾತಿಗಳೂ ಇರಲೇಬೇಕು ಎಂಬುದು ಆ ಮಸೂದೆಯನ್ನು ಸಮರ್ಥಿಸಿದವರ ತರ್ಕವಾಗಿತ್ತು. ಮೊದಲು ಉತ್ತರದ ಪ್ರಾಂತಗಳಲ್ಲಿ ಜಾರಿಯಾದ ಈ ಕಾಯಿದೆಯನ್ನು ೧೯೧೧ರಲ್ಲಿ ಹೊಸದಾಗಿ ರಚಿಸಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವಂತೆ ಮಾಡಿದರು. ೧೯೨೪ರಲ್ಲಿ ಪುನಃ ಕ್ರೋಡೀಕರಿಸಿದರು. ಮುಂಬಯಿ ಮದರಾಸು ಆಧಿಪತ್ಯಗಳಲ್ಲಿ ಕೊರವರು, ಗಂಟಿಚೋರರು, ಛಪ್ಪರಬಂದರು, ಹರಣಶಿಕಾರಿಗಳು ಮೊದಲಾದವರು ಇದರ ಬಲೆಗೆ ಸಿಕ್ಕಿದರು.

ಆ ಕಾಯಿದೆಯ ವಿಧಿಗಳನ್ನು ಸ್ವಲ್ಪ ಲಾಲಿಸಬೇಕು. ಸರಕಾರವು ಒಂದು ಸಮುದಾಯವನ್ನು ಅಪರಾಧಿಗಳೆಂದು ಪ್ರಕಟಿಸಿದೊಡನೆ ಅದಕ್ಕೆ ಸೇರಿದವರ ಹೆಸರುಗಳನ್ನು ದಾಖಲೆಗೆ ಏರಿಸಬಹುದು, ಬೆರಳಚ್ಚನ್ನು ತೆಗೆದುಕೊಳ್ಳಬಹುದು. ಅವರು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಬಿಡಾರ ಬದಲಿಸಿದರೆ ತಿಳಿಸಬೇಕು. ಗೊತ್ತುಪಡಿಸಿದ ಎಲ್ಲೆಯನ್ನು ರಹದಾರಿಯಿಲ್ಲದೆ ದಾಟಕೂಡದು. ಮಕ್ಕಳನ್ನು ತಾಯ್ತಂದೆಗಳಿಂದ ಅಗಲಿಸಿ ಸುಧಾರಣಾಶಾಲೆಗೆ ಕಳುಹಿಸುವ ಅಧಿಕಾರವೂ ಸರಕಾರಕ್ಕಿತ್ತು. ದಾಖಲೆಯಲ್ಲಿದ್ದವನು ನಿರ್ದಿಷ್ಟ ಅಪರಾಧಗಳಲ್ಲಿ ಎರಡನೆಯ ಬಾರಿ ಶಿಕ್ಷೆಗೊಳಗಾದರೆ ಕನಿಷ್ಠಪಕ್ಷ ಏಳು ವರ್ಷ ಸೆರೆ. ಮೂರನೆಯ ಬಾರಿಗೆ ಆಜೀವ ದ್ವೀಪಾಂತರ. ಕಳ್ಳತನಕ್ಕೆ ಹೊಂಚುತ್ತಿದ್ದನೆಂದು ನಂಬುವಂತಹ ಸ್ಥಿತಿಯಲ್ಲಿ ಕಂಡುಬಂದರೆ ಅಷ್ಟಕ್ಕೇ ಮೂರು ವರ್ಷದವರೆಗೆ ಶಿಕ್ಷೆ. ಎಲ್ಲಕ್ಕೂ ಮಿಗಿಲಾದುದೇನೆಂದರೆ, ಒಂದು ಸಮುದಾಯವನ್ನು ಅಪರಾಧಿಯೆಂದು ಸಾರಿದ ಪ್ರಕಟನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಆ ಕಾಯಿದೆಯೇ ವಿಧಿಸಿತ್ತು. ಕೊಲೆ ಮಾಡಿದವನಿಗೂ ನ್ಯಾಯಾಧೀಶನ ಮುಂದೆ ನಿಂತು ‘ನಾನು ನಿರಪರಾಧಿ’ ಎನ್ನಲು ಅವಕಾಶವಿದ್ದಿತು. ಕೊರವರ ಮನೆಯಲ್ಲಿ ಹುಟ್ಟಿದವನಿಗೆ ಆ ಒಂದು ಮಾತಿಗೂ ಎಡೆಯಿರಲಿಲ್ಲ. ಮಾಡಿದ ಕೃತ್ಯವನ್ನು ತೂಗಿ ನೋಡುವುದು ನ್ಯಾಯ. ಹುಟ್ಟಿದ ಮನೆಯನ್ನು ನೋಡಿ ತೀರ್ಪು ಹೇಳುವುದು ನ್ಯಾಯದ ಹೆಸರನ್ನು ಹೊತ್ತ ಅನ್ಯಾಯ.

ಈ ಜನರು ನಿಜವಾಗಿ ಯಾರು? ಮಲೆನಾಡಿನವರಾದ ನಮಗೆ ಇದು ತಿಳಿಯದ ಸಂಗತಿಯಲ್ಲ. ರೈಲು ಮೋಟಾರುಗಳಿಲ್ಲದ ಕಾಲದಲ್ಲಿ ಕರಾವಳಿಯ ಉಪ್ಪು ಘಟ್ಟವನ್ನೇರಿ ಬರುತ್ತಿದ್ದುದೂ, ನಮ್ಮ ಅಡಕೆಯೂ ಅಕ್ಕಿಯೂ ಹೊರಸೀಮೆಗಳಿಗೆ ಹೋಗುತ್ತಿದ್ದುದೂ ಹೇರೆತ್ತುಗಳ ಬೆನ್ನ ಮೇಲೆ. ಲಂಬಾಣಿಗರೂ, ಕೊರವ ಕೊರಚರೂ ಇಂತಹ ಸಾಗಣೆಯ ವ್ಯಾಪಾರವನ್ನು ತಲೆಮಾರುಗಳಿಂದ ನಡೆಸುತ್ತಿದ್ದರು. ಅವರು ಬಾರದಿದ್ದರೆ ಹಳ್ಳಿಯ ಗಡಿಗೆಗೆ ಉಪ್ಪಿರುತ್ತಿರಲಿಲ್ಲ. ಹಾಗೆಯೇ ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ಕಣಿ ಹೇಳುವುದು ಅವರ ಬದುಕುಗಳಾಗಿದ್ದುವು. ಸರಕಾರವು ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ರೈಲುದಾರಿಗಳು ಬಂದುವು, ಕಾಡಿನ ಹುಲ್ಲಿಗೂ ಬಿದಿರಿಗೂ ಅರಣ್ಯದ ಕಾಯಿದೆ ಅಡ್ಡಬಂದಿತು. ಹೀಗೆ ಹೊಟ್ಟೆಯ ದಾರಿ ಮುಚ್ಚಿದ ಮೇಲೆ, ನೆಲೆಯಿಲ್ಲದೆ ತಿರುಗುವವನೆಲ್ಲ ಕಳ್ಳನೆಂಬ ತೀರ್ಮಾನವೂ ಹೊರಬಿದ್ದಿತು. ಅನ್ನವನ್ನು ಕಸಿದವರೇ ಹಸಿದವನಿಗೆ ಕಳ್ಳನೆಂಬ ಹೆಸರಿಟ್ಟರು.

ಇಂಥವರನ್ನು ಇರಿಸಲು ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರ ಮೊದಲಾದ ಊರುಗಳಲ್ಲಿ ಸೆಟ್ಲಮೆಂಟುಗಳನ್ನು ಕಟ್ಟಿದರು. ಸಂಸಾರಸಮೇತವಾಗಿ ಅವರನ್ನು ಅಲ್ಲಿ ಕೂಡಿಹಾಕಿ, ಗಿರಣಿ ಮೊದಲಾದೆಡೆಗಳ ಕೂಲಿಗೆ ಹಚ್ಚಿದರು. ಅಲ್ಲಿ ಶಾಲೆಗಳಿದ್ದುವು, ಕೆಲಸ ಕಲಿಸುವ ಏರ್ಪಾಡೂ ಇದ್ದಿತು ಎಂಬುದನ್ನು ಮರೆಯಲಾಗದು. ಆದರೆ ಅಪ್ಪಣೆಯಿಲ್ಲದೆ ಹೊರಗೆ ಹೋಗಲಾಗದ ಕಡೆ ಕಲಿಸಿದ ಅಕ್ಷರವು ಎಷ್ಟರ ಮಟ್ಟಿಗೆ ಬಿಡುಗಡೆಯ ಅಕ್ಷರವಾದೀತು? ಹುಬ್ಬಳ್ಳಿಯ ಆ ಭಾಗವನ್ನು ಜನರು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುವರು. ಕಾಯಿದೆ ಹೋಯಿತು, ಬೇಲಿ ಹೋಯಿತು, ಹೆಸರು ಉಳಿಯಿತು.

ಇದೆಲ್ಲವೂ ಪರಕೀಯರ ಪಾಪವೆಂದು ಹೇಳಿ ನಾವು ಕೈತೊಳೆದುಕೊಳ್ಳಬಹುದೆ? ಹಾಗೆ ಮಾಡಲಾಗದು. ಆಂಗ್ಲರು ತಮ್ಮ ತರ್ಕಕ್ಕೆ ಬೇಕಾದ ಸಾಮಗ್ರಿಯನ್ನು ನಮ್ಮ ಮನೆಯಿಂದಲೇ ತೆಗೆದುಕೊಂಡರು. ಹುಟ್ಟಿನಿಂದ ವೃತ್ತಿ, ಹುಟ್ಟಿನಿಂದ ಮರ್ಯಾದೆ, ಹುಟ್ಟಿನಿಂದ ಅಸ್ಪೃಶ್ಯತೆ ಎಂಬ ಕಟ್ಟಳೆಯನ್ನು ನಾವು ಪಾಲಿಸುತ್ತಿರುವಾಗ, ಹುಟ್ಟಿನಿಂದ ಅಪರಾಧ ಎಂಬ ಮಾತು ನಮ್ಮ ಕಿವಿಗೆ ಕಟುವಾಗಿ ಕೇಳಿಸಲಿಲ್ಲ. ಅಲೆಮಾರಿಗಳ ಚಲನವಲನವನ್ನು ಠಾಣೆಗೆ ತಿಳಿಸುವ ಹೊಣೆಯನ್ನು ಕಾಯಿದೆಯು ಗ್ರಾಮಾಧಿಕಾರಿಗಳ ಮೇಲೆಯೂ ಹೊರಿಸಿತ್ತು. ಆ ಹೊಣೆಯನ್ನು ಹೊತ್ತವರು ನಮ್ಮ ಹಳ್ಳಿಗಳವರೇ. ‘ಕೊರಮ’, ‘ಕೊರಚ’ ಎಂಬ ಕುಲನಾಮಗಳನ್ನು ಬೈಗುಳಾಗಿ ಬಳಸಿದವರೂ ಕನ್ನಡಿಗರೇ ಹೊರತು ಆಂಗ್ಲರಲ್ಲ.

ಇಂತಹ ಅನ್ಯಾಯವು ನಮ್ಮ ನಾಡಿಗೆ ಮಾತ್ರ ಸೇರಿದುದೂ ಅಲ್ಲ. ಅಮೆರಿಕದಲ್ಲಿ ೧೮೬೫ರಲ್ಲಿ ಗುಲಾಮಗಿರಿಯು ರದ್ದಾಯಿತು. ಆದರೆ ದಕ್ಷಿಣದ ಸಂಸ್ಥಾನಗಳವರು ಕೂಡಲೇ ಅಲೆದಾಟವನ್ನೇ ಅಪರಾಧವೆಂದು ಮಾಡಿ, ಬಿಡುಗಡೆಯಾದ ಕರಿಯ ಜನರನ್ನು ಸೆರೆಹಿಡಿದು, ಸೆರೆಯಾಳುಗಳನ್ನು ತೋಟಗಳಿಗೂ ಗಣಿಗಳಿಗೂ ಬಾಡಿಗೆಗೆ ಕೊಡತೊಡಗಿದರು. ಅಲಬಾಮ ಸಂಸ್ಥಾನದಲ್ಲಿ ಈ ಪದ್ಧತಿಯು ೧೯೨೮ರವರೆಗೂ ನಡೆಯಿತು. ದಕ್ಷಿಣ ಆಫ್ರಿಕದಲ್ಲಿ ೧೯೫೨ರಲ್ಲಿ ರಹದಾರಿಗಳನ್ನು ರದ್ದುಮಾಡುವ ಕಾಯಿದೆಯೆಂಬ ಹೆಸರಿನಿಂದಲೇ, ಕರಿಯ ಜನರೆಲ್ಲರೂ ಗುರುತಿನ ಪುಸ್ತಕವನ್ನು ಸದಾ ಹೊತ್ತು ತಿರುಗಬೇಕೆಂಬ ಕಟ್ಟಳೆಯನ್ನು ತಂದರು. ಅದು ತೊಲಗಿದುದು ೧೯೮೬ರಲ್ಲಿ. ದೇಶಗಳು ಬೇರೆಯಾದರೂ ಉಪಾಯವು ಒಂದೇ: ಮೊದಲು ಒಂದು ಜನಾಂಗದ ಬದುಕನ್ನು ಕಾಯಿದೆಯ ಹೊರಗಿಡುವುದು, ಅನಂತರ ಕಾಯಿದೆಯನ್ನು ಮೀರಿದರೆಂದು ದಂಡಿಸುವುದು.

ಅದೇ ೧೯೫೨ರಲ್ಲಿ ನಮ್ಮ ದೇಶವು ಬೇರೊಂದು ದಾರಿಯನ್ನು ಹಿಡಿಯಿತೆಂಬುದು ಸಂತೋಷದ ವಿಷಯ. ೧೯೩೬ರಲ್ಲಿಯೇ ಜವಾಹರಲಾಲ ನೆಹರೂರವರು ನೆಲ್ಲೂರಿನಲ್ಲಿ ಈ ಕಾಯಿದೆಯನ್ನು ಖಂಡಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ, ೧೯೪೯ರಲ್ಲಿ ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಅದನ್ನು ರದ್ದುಪಡಿಸಬೇಕೆಂದು ಶಿಫಾರಸು ಮಾಡಿತು. ೧೯೫೨ನೆಯ ಆಗಸ್ಟ್ ೩೧ರಂದು ಅದು ರದ್ದಾಯಿತು. ಸುಮಾರು ೧೨೭ ಸಮುದಾಯಗಳ ಒಂದು ಕೋಟಿಗೂ ಹೆಚ್ಚು ಜನರ ಮೇಲಣ ಕಳಂಕವನ್ನು ಕಾಗದದ ಮೇಲಿನಿಂದ ಅಳಿಸಿದಂತಾಯಿತು. ಅಂದಿನಿಂದ ಅವರನ್ನು ವಿಮುಕ್ತರೆಂದು ಕರೆಯುತ್ತಾರೆ.

ಆದರೆ ಕಾಗದದ ಮೇಲೆ ಅಳಿಸಿದುದು ಮನಸ್ಸಿನಿಂದಲೂ ಅಳಿದೀತೆ? ಹಳೆಯ ಕಾಯಿದೆ ಹೋಗುತ್ತಿದ್ದಂತೆ ಅದರ ಸ್ಥಾನದಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಹಲವು ಪ್ರಾಂತಗಳಲ್ಲಿ ಬಂದುವು. ನಮ್ಮ ಮೈಸೂರು ರಾಜ್ಯವೂ ೧೯೬೧ರಲ್ಲಿ ಅಂತಹುದೊಂದನ್ನು ಮಾಡಿತು. ಇವು ಸಮುದಾಯವನ್ನಲ್ಲ, ಪುನಃ ಪುನಃ ಶಿಕ್ಷೆಗೊಳಗಾದ ವ್ಯಕ್ತಿಯನ್ನೇ ನೋಡತಕ್ಕುವು ಎಂಬುದು ನಿಜ. ಆದರೆ ಸಂಶಯದ ಕಣ್ಣು ಮೊದಲು ಬೀಳುವುದು ಯಾವ ಕೇರಿಯ ಮೇಲೆಯೋ, ಶಿಕ್ಷೆಗಳ ಸಂಖ್ಯೆ ಹೆಚ್ಚುವುದೂ ಆ ಕೇರಿಯಲ್ಲಿಯೇ ಅಲ್ಲವೆ? ೧೯೯೮ರಲ್ಲಿ ಪಶ್ಚಿಮ ಬಂಗಾಳದ ಬುಧನ್ ಶಬರ್ ಎಂಬ ವಿಮುಕ್ತ ಸಮುದಾಯದ ತರುಣನು ಬಂಧನದಲ್ಲಿರುವಾಗ ಮಡಿದನು. ಆ ವ್ಯಾಜ್ಯವು ಕಲ್ಕತ್ತೆಯ ಹೈಕೋರ್ಟಿಗೆ ಹೋಗಿ ದೇಶದ ಕಣ್ಣನ್ನು ತೆರೆಯಿಸಿತು. ೨೦೦೭ರಲ್ಲಿ ಜನಾಂಗಭೇದ ನಿವಾರಣೆಗಾಗಿ ವಿಶ್ವಸಂಸ್ಥೆಯಲ್ಲಿರುವ ಸಮಿತಿಯು ರೂಢಿಗತ ಅಪರಾಧಿಗಳ ಕಾಯಿದೆಯನ್ನು ರದ್ದುಗೊಳಿಸಿ ಈ ಜನರಿಗೆ ನೆಲೆ ಕಲ್ಪಿಸಬೇಕೆಂದು ನಮ್ಮ ಸರಕಾರಕ್ಕೆ ಹೇಳಿತು. ೨೦೨೪ನೆಯ ಅಕ್ಟೋಬರ್ ೩ರಂದು ದೇಶದ ಸರ್ವೋಚ್ಚ ನ್ಯಾಯಾಲಯವು, ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದುಮಾಡಿ, ಸೆರೆಯಾಳುಗಳ ದಾಖಲೆಯಲ್ಲಿರುವ ಜಾತಿಯ ಕಲಮನ್ನು ತೆಗೆಯಬೇಕೆಂದೂ, ವಿಮುಕ್ತರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ಪರಿಪಾಠವು ಸಲ್ಲದೆಂದೂ ತೀರ್ಪಿತ್ತಿತು. ೧೮೭೧ರಲ್ಲಿ ಬಿತ್ತಿದ ಬೀಜದ ಬೇರನ್ನು ೨೦೨೪ರಲ್ಲಿಯೂ ಅಗೆದು ತೆಗೆಯಬೇಕಾಯಿತೆಂದ ಮೇಲೆ ಅದು ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ತಾವೇ ಊಹಿಸಬಹುದು.

ಮಹಾಶಯರೇ, ಇದು ರಾಜಕೀಯದ ವಿಷಯವಲ್ಲವೆ, ಧರ್ಮಪೀಠದ ಉತ್ಸವದಲ್ಲಿ ಇದರ ಪ್ರಸ್ತಾಪವೇಕೆ ಎಂದು ಕೆಲವರು ಕೇಳಬಹುದು. ಉತ್ತರವು ನಮ್ಮ ಧರ್ಮದ ತಳಹದಿಯಲ್ಲಿಯೇ ಇದೆ. ವೀರಶೈವದಲ್ಲಿ ದೀಕ್ಷೆಯೆಂದರೇನು? ಗುರುವು ವೇಧಾ, ಮಂತ್ರ, ಕ್ರಿಯಾ ದೀಕ್ಷೆಗಳಿಂದ ಶಿಷ್ಯನ ಆಣವ, ಮಾಯಾ, ಕಾರ್ಮಿಕ ಮಲಗಳನ್ನು ಕಳೆದು, ಅವನ ಪೂರ್ವಾಶ್ರಯವನ್ನು ಅಳಿದು, ಅಂಗದ ಮೇಲೆ ಲಿಂಗವನ್ನು ಅನುಗ್ರಹಿಸುವನು. ಆಮೇಲೆ ಆ ಭಕ್ತನ ಹಿಂದಿನ ಕುಲವನ್ನು ಎತ್ತಿ ಆಡುವುದು ದ್ರೋಹವೆಂದು ನಮ್ಮ ಹಿರಿಯರು ಬಗೆದರು. ಆಂಗ್ಲರ ಕಾಯಿದೆಯು ಮಾಡಿದುದು ಇದಕ್ಕೆ ತೀರ ವಿರುದ್ಧವಾದ ಕೆಲಸ. ನಮ್ಮ ಗುರುವು ಪೂರ್ವಾಶ್ರಯವನ್ನು ಕಳೆದನು. ಆ ಕಾಯಿದೆಯು ಪೂರ್ವಾಶ್ರಯವನ್ನೇ ಬೆರಳಚ್ಚಿನೊಡನೆ ಶಾಶ್ವತವಾಗಿ ಬರೆದಿಟ್ಟಿತು.

ಶ್ರೀ ಜಗದ್ಗುರು ರೇಣುಕಾಚಾರ್ಯರು ಕೊಲ್ಲಿಪಾಕಿ ಕ್ಷೇತ್ರದಲ್ಲಿ ಹದಿನೆಂಟು ಜಾತಿಗಳವರಿಗೆ ಹದಿನೆಂಟು ಮಠಗಳನ್ನು ಕಟ್ಟಿಸಿಕೊಟ್ಟರೆಂದು ಪೀಠಪರಂಪರೆಯಲ್ಲಿ ಹೇಳಿಕೊಂಡು ಬಂದಿದೆ. ಇನ್ನು ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ನೆನೆಯೋಣ. ಆತನು ಕೊರವರ ಕುಲದಲ್ಲಿ ಹುಟ್ಟಿದವನೆಂದು ಪ್ರತೀತಿ. ಹುಲ್ಲನ್ನು ಕೊಯ್ದು, ಹಗ್ಗ ಕಣ್ಣಿಗಳನ್ನು ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹವನ್ನು ಮಾಡುತ್ತಿದ್ದನು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವೇ ಆತನ ಬೆನ್ನುಹತ್ತಿ ಬಂದಿತೆಂದೂ, ಮಡಿವಾಳ ಮಾಚಯ್ಯನು ನಡುವೆ ನಿಂತು ಮಾತಾಡಿದ ಮೇಲೆ, ಲಿಂಗವೂ ಕಾಯಕ ಮಾಡಲೆಂದು ಹಗ್ಗ ಮಾರಿಸಿದ ಮೇಲೆಯೇ ಚಂದಯ್ಯನು ಅದನ್ನು ಸ್ವೀಕರಿಸಿದನೆಂದೂ ಕಥೆಯುಂಟು. ದೇವರಿಗೇ ಕಾಯಕವನ್ನು ಕಲಿಸಿದವನ ಕುಲವನ್ನು ಸರಕಾರವೊಂದು ಏಳು ಶತಮಾನಗಳ ತರುವಾಯ ಅಪರಾಧಿ ಕುಲವೆಂದು ಪ್ರಕಟಿಸಿತು! ಈ ಎರಡು ತೀರ್ಪುಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯವೆಂಬುದನ್ನು ಶಿವಭಕ್ತನಾದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ಅವರವರ ಪ್ರಾರಬ್ಧ ಅವರವರಿಗೆ’ ಎಂದು ಹೇಳಿ ಸುಮ್ಮನಿರುವವರೂ ಉಂಟು. ಪ್ರಾರಬ್ಧವು ಅನುಭವಿಸುವವನು ತನ್ನ ಮನಸ್ಸಮಾಧಾನಕ್ಕಾಗಿ ಹೇಳಿಕೊಳ್ಳತಕ್ಕ ಮಾತು. ನೆರೆಯವನ ಕಷ್ಟವನ್ನು ನೋಡುತ್ತ ಕುಳಿತವನು ಅದನ್ನು ಹೇಳಿದರೆ ಅದು ವೇದಾಂತವಲ್ಲ, ನಿರ್ದಯತೆ. ದಯೆಯಿಲ್ಲದ ಕಡೆ ಧರ್ಮವು ನಿಲ್ಲದೆಂಬುದು ನಮ್ಮ ಮನೆಮನೆಯಲ್ಲಿಯೂ ತಿಳಿದ ವಿಷಯ. ಇನ್ನು ಕೆಲವರು, ಆ ಜನರಲ್ಲಿ ಕಳ್ಳರು ಇಲ್ಲವೇ ಇಲ್ಲವೆ ಎಂದು ಕೇಳುವರು. ಇರಬಹುದು, ಎಲ್ಲ ಕುಲಗಳಲ್ಲಿಯೂ ಇರುವರು. ನಮ್ಮ ಕುಲದವನೊಬ್ಬನು ಕದ್ದರೆ ಅವನೊಬ್ಬನನ್ನೇ ಕಳ್ಳನೆನ್ನುವೆವು; ಅವರ ಕುಲದವನೊಬ್ಬನು ಕದ್ದರೆ ಕುಲವನ್ನೇ ಕಳ್ಳರ ಕುಲವೆನ್ನುವೆವು. ಈ ಎರಡು ಅಳತೆಗಳೇ ಅನ್ಯಾಯದ ಮೂಲ.

ಆದುದರಿಂದ ಈ ಪೀಠದ ಸದ್ಭಕ್ತರಲ್ಲಿ ನನ್ನ ಬಿನ್ನಹಗಳು ನಾಲ್ಕು. ಒಂದನೆಯದು ನಾಲಗೆಯದು: ಕುಲದ ಹೆಸರನ್ನು ಬೈಗುಳಾಗಿ ಬಳಸುವ ರೂಢಿಯನ್ನು ನಮ್ಮ ಮನೆಗಳಲ್ಲಿ ಇಂದೇ ನಿಲ್ಲಿಸಬೇಕು, ಮಕ್ಕಳು ಅದನ್ನು ಕಲಿಯುವುದು ನಮ್ಮ ಬಾಯಿಂದಲೇ. ಎರಡನೆಯದು ಸಾಕ್ಷಿಯದು: ಊರಿನಲ್ಲಿಯಾಗಲಿ ತೋಟದಲ್ಲಿಯಾಗಲಿ ಕಳವಾದಾಗ, ಕಂಡುದನ್ನು ಮಾತ್ರ ಠಾಣೆಯಲ್ಲಿ ಹೇಳಬೇಕು. ಊರ ಹೊರಗೆ ಗುಡಾರ ಹಾಕಿದವರತ್ತ ಬೆರಳು ತೋರಿಸಿ ಸುಮ್ಮನಾಗುವುದು ಸುಳ್ಳುಸಾಕ್ಷಿಗೆ ಸಮಾನವಾದ ದೋಷ. ಅಮಾಯಕನೊಬ್ಬನನ್ನು ಹಿಡಿದೊಯ್ದರೆ ಅವನ ಪರವಾಗಿ ಒಂದು ಮಾತಾಡುವ ಧೈರ್ಯವೂ ನಮಗಿರಬೇಕು. ಮೂರನೆಯದು ವಿದ್ಯೆಯದು: ಸಂಚಾರದಲ್ಲಿರುವವರ ಮಗುವಿಗೆ ಶಾಲೆಯೂ ಇಲ್ಲ, ಹುಟ್ಟಿದ ದಿನದ ದಾಖಲೆಯೂ ಇಲ್ಲ, ವಿಳಾಸವೂ ಇಲ್ಲವೆಂಬ ಸ್ಥಿತಿ ಹಲವೆಡೆ ಉಂಟು. ಅಂತಹ ಮಕ್ಕಳನ್ನು ಮಠಗಳ ಪ್ರಸಾದನಿಲಯಗಳಿಗೆ ಕರೆತರುವುದು, ಅವರ ಕಾಗದಪತ್ರಗಳನ್ನು ಮಾಡಿಸಿಕೊಡುವುದು ಓದುಬರಹ ಬಲ್ಲ ಭಕ್ತರಿಗೆ ದೊಡ್ಡ ಕೆಲಸವಲ್ಲ. ನಾಲ್ಕನೆಯದು ನೆಲದ್ದು: ಅಲೆಮಾರಿಗಳಿಗೆ ಬಾಳಲು ಮನೆಯಿಲ್ಲದಂತೆಯೇ ಸತ್ತರೆ ಹೂಳಲು ಮೂರು ಮೊಳ ನೆಲವೂ ದೊರೆಯದ ಪ್ರಸಂಗಗಳುಂಟು. ಊರ ಹಿರಿಯರು ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ.

ಸರ್ವೋಚ್ಚ ನ್ಯಾಯಾಲಯವು ದಾಖಲೆಯ ಪುಸ್ತಕದಿಂದ ಒಂದು ಕಲಮನ್ನು ತೆಗೆಸಬಲ್ಲುದು. ನಮ್ಮ ಮನಸ್ಸಿನ ಪುಸ್ತಕದಿಂದ ಅದನ್ನು ತೆಗೆಯುವ ಅಧಿಕಾರ ನಮಗೆ ಮಾತ್ರ ಸೇರಿದುದು. ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕುವಾಗ ಕುಳಿತವನ ಕುಲವನ್ನು ಕೇಳದಿರುವುದು ಮಠದ ಧರ್ಮ. ಆ ಧರ್ಮವು ಮಠದ ಹೊಸ್ತಿಲನ್ನು ದಾಟಿ ಚಾವಡಿಗೂ, ಸಂತೆಗೂ, ಠಾಣೆಗೂ, ಕಚೇರಿಗೂ ನಮ್ಮೊಡನೆ ನಡೆದುಬಂದರೆ ಮಾನವಧರ್ಮಕ್ಕೆ ಜಯವಾಗಲೆಂದು ಕೂಗುವ ಹಕ್ಕು ನಮಗೆ ಬರುವುದು. ಅಂತಹ ಬುದ್ಧಿಯನ್ನೂ ಬಲವನ್ನೂ ಶ್ರೀ ಜಗದ್ಗುರುಗಳ ಕೃಪೆಯು ನಮ್ಮೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸುವೆನು.

ಸರ್ವರಿಗೂ ಸನ್ಮಂಗಳವಾಗಲಿ.